ಯಾರ ಪರವಾಗಿ ಕ್ಷಮಿಸುವುದು?

ಸಿಗ್ನಲ್ಲಿನಲ್ಲಿ ಕಾರು ನಿಂತಿದೆ. ಹಿಂದಿನಿಂದ ಧಡ್ ಎಂದು ಸದ್ದು. ಇಳಿದು ನೋಡಿದರೆ ಬಂಪರಿನ ಒಂದು ಮೂಲೆ ಒಳಗೆ ಹೋಗಿದೆ, ಡಿಕ್ಕಿಯ ಬಾಗಿಲ ಮೇಲೆ ಗೇಣುದ್ದದ ಗೀರು. ಸ್ಕೂಟರಿನ ಹುಡುಗ ಹೆಲ್ಮೆಟ್ ತೆಗೆದು ನಿಂತಿದ್ದಾನೆ. “ಸಾರಿ ಮೇಡಂ, ಬ್ರೇಕ್ ಹಿಡೀಲಿಲ್ಲ.” ಹಣೆ ಬೆವರಿದೆ, ಕೈ ನಡುಗುತ್ತಿದೆ. “ಇನ್ಶೂರೆನ್ಸ್ ಇದೆಯೇನಪ್ಪಾ?” “ಮುಗಿದೋಗಿದೆ ಮೇಡಂ. ಮುಂದಿನ ತಿಂಗಳು ಕಟ್ಟೋಣ ಅಂತಿದ್ದೆ.” ಅಷ್ಟರಲ್ಲಿ ಸುತ್ತ ನಾಲ್ಕು ಜನ. ಒಬ್ಬರು “ಪಾಪ, ಹೋಗ್ಲಿ ಬಿಡಿ” ಎನ್ನುತ್ತಾರೆ. ಇನ್ನೊಬ್ಬರು “ಐನೂರು ಕೊಟ್ಟು ಮುಗಿಸ್ಕೊಳ್ಳಪ್ಪ” ಎನ್ನುತ್ತಾರೆ. ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಎರಡು ಮಾತುಗಳ ನಡುವೆ ಧರ್ಮಚಿಂತನೆಯ ಬಹಳ ಹಳೆಯ ಪ್ರಶ್ನೆಯೊಂದಿದೆ. ಕ್ಷಮಿಸಿಬಿಟ್ಟರೆ ಸಾಲ ತೀರಿತೇ? ಸಾಲ ತೀರಿಸಿದರೆ ಕ್ಷಮೆ ಸಿಕ್ಕಿತೇ?

ಮೊದಲು ಲೆಕ್ಕ ನೋಡಬೇಕು. ಕಾರಿನ ಮಾಲೀಕರ ಬಳಿ ಪೂರ್ಣ ವಿಮೆ ಇದ್ದರೆ ತಮ್ಮದೇ ಪಾಲಿಸಿಯಲ್ಲಿ ರಿಪೇರಿ ಮಾಡಿಸಬಹುದು. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕರೇ ಹಾಕಬೇಕು. ಅದಕ್ಕಿಂತ ನೋವಿನದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 20ರಷ್ಟು, ಐದು ವರ್ಷ ಮಾಡದಿದ್ದರೆ ಶೇಕಡಾ 50ರಷ್ಟು ರಿಯಾಯಿತಿ ಸಿಗುತ್ತದೆ. ಒಂದೇ ಒಂದು ಸಣ್ಣ ಡೆಂಟಿಗೆ ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯಬಹುದು. ನಿಂತ ಕಾರಿನಲ್ಲಿ ಸುಮ್ಮನೆ ಕೂತಿದ್ದವರೇ ಇದನ್ನು ಕಳೆದುಕೊಳ್ಳುವುದು. ಹಾಗಾಗಿ ಬಹಳ ಮಂದಿ ಗ್ಯಾರೇಜಿಗೆ ಹೋಗಿ, ಟಿಂಕರಿಂಗ್, ಪುಟ್ಟಿ, ಪೇಂಟಿಂಗ್ ಎಂದು ಕೈಯಿಂದಲೇ ಕೊಟ್ಟು ಬರುತ್ತಾರೆ.

ಹುಡುಗನ ಕಡೆಯ ಲೆಕ್ಕ ಬೇರೆ. 75ರಿಂದ 150 ಸಿಸಿ ಒಳಗಿನ ದ್ವಿಚಕ್ರ ವಾಹನಕ್ಕೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ಕಂತು 2022ರ ಜೂನ್‌ನಲ್ಲಿ ನಿಗದಿಯಾದಂತೆ, ತೆರಿಗೆ ಬಿಟ್ಟು, ವರ್ಷಕ್ಕೆ 714 ರೂಪಾಯಿ. ದಿನಕ್ಕೆ ಎರಡು ರೂಪಾಯಿಯೂ ಆಗುವುದಿಲ್ಲ. ಅದಿಲ್ಲದೆ ರಸ್ತೆಗಿಳಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಆದರೆ ಆ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ಬಂಪರ್ ಹಾಗೆಯೇ ಇರುತ್ತದೆ.

ಸಾವಿರಾರು ವರ್ಷ ಹಿಂದಿನವರೂ ಈ ಜಾಗದಲ್ಲಿ ನಿಂತು ಯೋಚಿಸಿದ್ದಾರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾಗುವ ಹಾನಿಯ ಬಗ್ಗೆಯೇ ಒಂದಿಷ್ಟು ಶ್ಲೋಕಗಳಿವೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಚಕ್ರ ಮುರಿದರೆ, ‘ದಾರಿ ಬಿಡಿ’ ಎಂದು ಗಾಡಿಯವನು ಕೂಗಿದ್ದರೆ ದಂಡವಿಲ್ಲ. ಇಂಥ ಹತ್ತು ಸಂದರ್ಭಗಳನ್ನು ಅದು ಎಣಿಸುತ್ತದೆ. “ಬ್ರೇಕ್ ಹಿಡೀಲಿಲ್ಲ” ಎಂಬ ಮಾತಿನ ಅಜ್ಜ ಅಲ್ಲಿದ್ದಾನೆ. ಆದರೆ ಓಡಿಸುವವನಿಗೆ ಗಾಡಿ ಹೊಡೆಯಲು ಬಾರದೆ ಹಾನಿಯಾದರೆ ಮಾಲೀಕನಿಗೆ 200 ಪಣ ದಂಡ. ಬಾರದವನ ಗಾಡಿ ಹತ್ತಿದ ತಪ್ಪಿಗೆ ಪ್ರಯಾಣಿಕರಿಗೂ ತಲಾ ನೂರು. ಹೊಣೆ ಲಗಾಮು ಹಿಡಿದ ಕೈಗಷ್ಟೇ ಸೇರಿದ್ದಲ್ಲ, ಗಾಡಿ ಹೊರಡುವ ಮೊದಲೇ ಅದು ಶುರುವಾಗಿರುತ್ತದೆ ಎಂಬ ತಿಳಿವಳಿಕೆ ಅದು. ಅದಕ್ಕೂ ಸ್ವಲ್ಪ ಮುಂಚೆ ಬರುವ ಶ್ಲೋಕ ಇನ್ನೂ ಖಂಡಿತ: ಬೇಕೆಂದೇ ಆಗಲಿ, ತಿಳಿಯದೆ ಆಗಲಿ, ಪರರ ವಸ್ತು ಕೆಡಿಸಿದವನು ಮೊದಲು ಒಡೆಯನನ್ನು ತೃಪ್ತಿಪಡಿಸಬೇಕು, ಆಮೇಲೆ ರಾಜನಿಗೆ ಅಷ್ಟೇ ದಂಡ ಕೊಡಬೇಕು. ಇಂದಿನ ಕಾನೂನಿನ ದಂಡದಲ್ಲಿ ಕಾಣದ ‘ಮೊದಲು ಒಡೆಯನಿಗೆ’ ಎಂಬ ಕ್ರಮ ಅಲ್ಲಿದೆ.

ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಲೇಬೇಕು. ಅದೇ ಗ್ರಂಥ ಮನುಷ್ಯರನ್ನು ಹುಟ್ಟಿನಿಂದ ಮೇಲು ಕೀಳು ಮಾಡಿತು. ಅದನ್ನು ಅಂಬೇಡ್ಕರ್ ಮತ್ತು ಸಂಗಡಿಗರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟದ್ದಕ್ಕೆ ಗಟ್ಟಿಯಾದ ಕಾರಣವಿತ್ತು. ಗಾಡಿಯ ಶ್ಲೋಕಗಳನ್ನು ಇಲ್ಲಿ ನೆನೆದದ್ದು ಅದರ ಅಧಿಕಾರವನ್ನು ಒಪ್ಪಿ ಅಲ್ಲ, ಪ್ರಶ್ನೆ ಎಷ್ಟು ಹಳೆಯದು ಎಂದು ಕಾಣಲು. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಹರಿದ ಮೂಗುದಾರದ ಮಾತು ಬರುತ್ತದೆ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದವನು.

ದೂರದ ಯೆಹೂದಿ ಪಂಡಿತರು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾದಲ್ಲಿ ಹಾನಿಗಳ ಕುರಿತೇ ‘ಬಾವಾ ಕಮ್ಮಾ’ ಎಂಬ ಭಾಗವಿದೆ. ಎತ್ತು ಹಾಯ್ದರೆ, ಅದು ಹಿಂದೆ ಎಷ್ಟು ಸಲ ಹಾಯ್ದಿತ್ತು ಎಂದು ಅಲ್ಲಿ ವಿಚಾರಿಸುತ್ತಾರೆ. ಮನುಷ್ಯನಿಗೆ ಆ ರಿಯಾಯಿತಿ ಇಲ್ಲ. ಎಚ್ಚರದಲ್ಲಿರಲಿ, ನಿದ್ದೆಯಲ್ಲಿರಲಿ, ಅವನು ಮಾಡಿದ ಹಾನಿಗೆ ಪೂರ್ತಿ ತೆರಬೇಕು. ಅದೇ ಭಾಗದಲ್ಲಿ, ಮೈಗೆ ಪೆಟ್ಟು ಕೊಟ್ಟವನ ವಿಚಾರ ಬಂದಾಗ, ಹಣ ಕೊಟ್ಟಷ್ಟಕ್ಕೆ ಕ್ಷಮೆ ಸಿಗುವುದಿಲ್ಲ, ನೊಂದವನ ಬಳಿ ಹೋಗಿ ಕೇಳಬೇಕು ಎನ್ನುತ್ತದೆ. ಕೇಳಿಕೊಂಡು ಬಂದವನನ್ನು ಕ್ಷಮಿಸದೆ ಕ್ರೂರಿಯಾಗಬಾರದು ಎಂದೂ ಸೇರಿಸುತ್ತದೆ. ಅಲ್ಲಿ ಹಣ ಒಂದು ಸಾಲ, ಕ್ಷಮೆ ಇನ್ನೊಂದು ಸಾಲ; ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಲಾಗದು. ಹುತಾತ್ಮನ ಎಲ್ಲ ಪಾಪಗಳೂ ಮನ್ನಾ ಆಗುತ್ತವೆ, ಸಾಲವೊಂದನ್ನು ಬಿಟ್ಟು ಎಂಬ ಹದೀಸು ಮುಸ್ಲಿಮರಲ್ಲಿ ಪ್ರಸಿದ್ಧ. ದಶಲಕ್ಷಣ ಪರ್ವ ಮುಗಿದ ಮೇಲೆ ದಿಗಂಬರ ಜೈನರು ಕ್ಷಮಾವಣಿಯಂದು ಕ್ಷಮೆ ಕೇಳುವುದೂ ಎದುರಿಗಿರುವ ಮನುಷ್ಯರನ್ನೇ. ದೇವರಿಗೆ ತಪ್ಪು ಕಾಣಿಕೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಅದು ದೇವರಿಗೆ ಮಾಡಿದ ತಪ್ಪಿಗೆ. ಪಕ್ಕದವರ ಬಂಪರಿನ ಹಣವನ್ನು ಹುಂಡಿಗೆ ಹಾಕಿ ಬರಲಾಗದು.

ಇಷ್ಟಾದ ಮೇಲೂ ಸಿಗ್ನಲ್ಲಿನಲ್ಲಿ ನಿಂತ ಆ ಮಹಿಳೆ “ಹೋಗಲಿ ಬಿಡಪ್ಪ, ನೋಡ್ಕೊಂಡು ಓಡ್ಸು” ಎನ್ನಬಹುದು. ಅದು ಅವರ ಹಕ್ಕು, ದೊಡ್ಡ ಮನಸ್ಸು ಕೂಡ. ಕಾರು ಅವರದು, ಖರ್ಚು ಅವರದು. ಅವರು ಬಿಟ್ಟುಕೊಟ್ಟದ್ದು ಅವರದೇ ಸ್ವತ್ತು.

ಆದರೆ ಹುಡುಗ ಮಾಡಿದ ತಪ್ಪುಗಳು ಎರಡು. ಒಂದು ಡೆಂಟ್. ಇನ್ನೊಂದು, ವಿಮೆಯಿಲ್ಲದೆ ರಸ್ತೆಗೆ ಬಂದದ್ದು. ಜನ ಅವೆರಡನ್ನೂ ಒಂದೇ “ಪಾಪ”ದಲ್ಲಿ ಕಟ್ಟಿಬಿಡುತ್ತಾರೆ. ಸತ್ಯ ಹೇಳಬೇಕೆಂದರೆ, ಡೆಂಟಿನ ಮಟ್ಟಿಗೆ ಅವನ ವಿಮೆ ಇದ್ದಿದ್ದರೂ ದೊಡ್ಡ ವ್ಯತ್ಯಾಸವಿರಲಿಲ್ಲ. ದ್ವಿಚಕ್ರ ವಾಹನದ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಪರರ ಆಸ್ತಿಹಾನಿಗೆ ಒಂದು ಲಕ್ಷದವರೆಗೆ ರಕ್ಷಣೆಯಿದೆ, ನಿಜ. ಆದರೆ ನಾಲ್ಕೈದು ಸಾವಿರಕ್ಕಾಗಿ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವವರು ಯಾರು? ಆ ಪಾಲಿಸಿ ಇರುವುದು ಮುಖ್ಯವಾಗಿ ಬಂಪರಿಗಾಗಿ ಅಲ್ಲ. ಜೀಬ್ರಾ ಪಟ್ಟಿ ದಾಟುತ್ತಿರುವ ಅಜ್ಜಿಯ ಸೊಂಟಕ್ಕಾಗಿ, ಸ್ಕೂಲ್ ಬ್ಯಾಗು ಹೊತ್ತ ಮಗುವಿಗಾಗಿ, ಕೂಲಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟವನ ಕಾಲಿಗಾಗಿ. ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಖರೀದಿಯ ಹೊತ್ತಿಗೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶಿಸಿದ್ದು ಇವರನ್ನು ನೆನೆದೇ. ವಿಮೆಯಿಲ್ಲದ ಗಾಡಿಯಿಂದ ಇವರಿಗೆ ಏನಾದರೂ ಆದರೆ ಕೋರ್ಟು ಲಕ್ಷಗಟ್ಟಲೆ ಪರಿಹಾರ ಬರೆಯುತ್ತದೆ, ಕೊಡಬೇಕಾದವನ ಕೈಯಲ್ಲಿ ಏನೂ ಇರುವುದಿಲ್ಲ.

ಶತಪಥ ಬ್ರಾಹ್ಮಣ ದೇವ, ಋಷಿ, ಪಿತೃ ಋಣಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯ ಋಣವನ್ನು ಹೇಳುತ್ತದೆ. ಅಲ್ಲಿ ಅದು ಮನೆಗೆ ಬಂದವರಿಗೆ ಆಶ್ರಯ, ಅನ್ನ ಕೊಡುವ ಮಾತು. ರಸ್ತೆಗಿಳಿದ ಮನುಷ್ಯನಿಗೆ ಎದುರಾಗುವವರೆಲ್ಲ ಗುರುತಿಲ್ಲದ ಅತಿಥಿಗಳೇ. 714 ರೂಪಾಯಿ ಅವರಿಗೆ ಮೊದಲೇ ಕಟ್ಟಿಟ್ಟ ಮಾತು. ಆ ಮಾತು ತಪ್ಪಿದ್ದನ್ನು ಕಾರಿನ ಮಾಲೀಕರು ಹೇಗೆ ಕ್ಷಮಿಸುತ್ತಾರೆ? ಅಜ್ಜಿಯ ಪರವಾಗಿ ಅವರು ರುಜು ಹಾಕಲಾರರು.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಎಂಬ ತತ್ತ್ವಜ್ಞಾನಿಗಳು ‘ನೈತಿಕ ಅದೃಷ್ಟ’ದ ಚರ್ಚೆ ಎತ್ತಿದಾಗ ಇಬ್ಬರೂ ವಾಹನ ಚಾಲಕನ ಉದಾಹರಣೆಗೇ ಬಂದರು. ಒಂದೇ ಅಜಾಗರೂಕತೆ ಒಬ್ಬನನ್ನು ಸುಮ್ಮನೆ ಮನೆಗೆ ಕಳಿಸುತ್ತದೆ, ಇನ್ನೊಬ್ಬನನ್ನು ಕೊಲೆಯ ಭಾರ ಹೊರಿಸಿ ಕಳಿಸುತ್ತದೆ, ನಡುವೆ ಇರುವುದು ಯಾರು ಅಡ್ಡ ಬಂದರು ಎಂಬುದಷ್ಟೇ. ಸಿಗ್ನಲ್ಲಿನಲ್ಲಿ ಸ್ಕೂಟರಿನ ಮುಂದೆ ಇದ್ದದ್ದು ತಗಡು. ಅಲ್ಲಿ ಮನುಷ್ಯನೂ ಇರಬಹುದಿತ್ತು. ಹುಡುಗನ ಕೈ ನಡುಗಿದ್ದು ಅದಕ್ಕೇ ಇರಬೇಕು.

ಬಡತನದ ಮಾತನ್ನು ತಳ್ಳಿಹಾಕುವಂತಿಲ್ಲ. ಸಾಲದ ಕಂತು, ಪೆಟ್ರೋಲು, ಮನೆ ಬಾಡಿಗೆ ಕಳೆದರೆ 714 ರೂಪಾಯಿ ಕೂಡ ಮುಂದಿನ ತಿಂಗಳಿಗೆ ಜಾರುವ ಮನೆಗಳಿವೆ. ಆದ್ದರಿಂದಲೇ ಅವನಿಂದ ಪೇಂಟಿಂಗಿನ ಹಣ ಕಿತ್ತುಕೊಳ್ಳುವುದಕ್ಕಿಂತ ಒಳ್ಳೆಯ ದಾರಿಯೊಂದಿದೆ, ಅದನ್ನು ಯಾರಾದರೂ ಹಿಡಿಯಬಹುದು. ನಂಬರ್ ಪ್ಲೇಟ್ ಹಾಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ ಯಾವಾಗ ಮುಗಿಯಿತು ಎಂದು ಕಾಣುತ್ತದೆ. ದ್ವಿಚಕ್ರ ವಾಹನದ ಥರ್ಡ್ ಪಾರ್ಟಿ ವಿಮೆಯನ್ನು ಫೋನಿನಲ್ಲೇ ಕಟ್ಟಬಹುದು. “ಡೆಂಟಿನ ದುಡ್ಡು ಬೇಡಪ್ಪ. ಪಕ್ಕಕ್ಕೆ ಬಾ, ಇಲ್ಲೇ ನಿಂತು ಇನ್ಶೂರೆನ್ಸ್ ಕಟ್ಟು, ನಾನು ಕಾಯ್ತೀನಿ” ಎನ್ನಬಹುದು. ಕಡಿಮೆ ಬಿದ್ದರೆ ಇನ್ನೂರು ರೂಪಾಯಿ ತಾವೇ ಸೇರಿಸಬಹುದು. ಹೊಸ ಪಾಲಿಸಿ ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ, ಆಯುಧಪೂಜೆಯಲ್ಲಿ ಹ್ಯಾಂಡಲ್ಲಿಗೆ ಕಟ್ಟಿದ ದಾರ ಇನ್ನೂ ಇರುವ ಆ ಸ್ಕೂಟರನ್ನು ಹುಡುಗ ತಳ್ಳಿಕೊಂಡೇ ಮನೆಗೆ ಹೋಗಬೇಕಾಗುತ್ತದೆ.