ಮಂಡಿಯ ಸ್ಪೆಕ್ ಬರೆಯೋರು ಯಾರು?

ಬೆಂಗಳೂರಲ್ಲಿ ಈಗ ಮಂಡಿ ಆಪರೇಷನ್ ಅಂದ ಕೂಡಲೇ ಬರೋ ಪ್ರಶ್ನೆ, "ರೋಬೋನಾ, ಮಾಮೂಲಾ?" ನನ್ನ ವಾರಿಗೆಯವರ ಅಪ್ಪ ಅಮ್ಮಂದಿರ ಮಂಡಿ ಸವೆಯುವ ಕಾಲ ಇದು. ಆಫೀಸಿನ ಕ್ಯಾಂಟೀನಿನಲ್ಲೂ ಇದೇ ಮಾತು. ಹೆಚ್ಚಿನವರ ತೀರ್ಮಾನ ಒಂದೇ: ದುಡ್ಡು ಹೋದರೆ ಹೋಗಲಿ, ಮನುಷ್ಯನ ಕೈ ನಡುಗಬಹುದು, ಮಶೀನ್ ನಡುಗಲ್ಲ.

ಇದರಲ್ಲಿ ಅರ್ಧ ಸತ್ಯ ಇದೆ. ಆದರೆ ರೋಬೋ ಬಂತು ಅಂತ ಡಾಕ್ಟರ್ ಪಕ್ಕಕ್ಕೆ ಸರಿದು ಕಾಫಿ ಕುಡೀತಾರೆ ಅಂದ್ಕೋಬೇಡಿ. 1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಸೊಂಟದ ಕೀಲಿನ ಆಪರೇಷನ್‌ಗೆ ಬಳಸಿದ ರೋಬೋಡಾಕ್, ಮೊದಲೇ ಹಾಕಿಕೊಟ್ಟ ಯೋಜನೆಯಂತೆ ತೊಡೆಮೂಳೆಯನ್ನು ತಾನೇ ಕೊರೆಯುತ್ತಿತ್ತು. ಈಗಿನ ಮಾಕೋದಂಥ ಯಂತ್ರದಲ್ಲಿ ಸಿಟಿ ಸ್ಕ್ಯಾನ್‌ನಿಂದ ಮೂಳೆಯ ತ್ರೀ-ಡಿ ಮಾದರಿ ತಯಾರಾಗುತ್ತೆ. ಎಲ್ಲಿ, ಎಷ್ಟು ಕೊಯ್ಯಬೇಕು ಅಂತ ಡಾಕ್ಟರ್ ನಿರ್ಧರಿಸುತ್ತಾರೆ. ಗರಗಸದ ತೋಳನ್ನು ನಡೆಸೋದೂ ಅವರೇ. ಹಾಕಿದ ಗೆರೆ ದಾಟಲು ಮಶೀನ್ ಬಿಡಲ್ಲ, ಅಷ್ಟೇ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸ್ಪೆಕ್‌ನಲ್ಲಿ ಬರೆದ ಹಾಗೆ ಕೋಡ್ ಇದೆಯಾ? ಆ ಸ್ಪೆಕ್ಕೇ ಸರಿ ಇದೆಯಾ? ರೋಬೋ ಉತ್ತರಿಸೋದು ಮೊದಲನೆಯದಕ್ಕೆ ಮಾತ್ರ. ದಕ್ಷಿಣ ಕೊರಿಯಾದ ವೈದ್ಯರು ರೋಬೋಡಾಕ್‌ನಿಂದ ಮಂಡಿ ಬದಲಿಸಿಕೊಂಡವರನ್ನೂ ಮಾಮೂಲು ವಿಧಾನದವರನ್ನೂ ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಓಡಾಟದಲ್ಲಾಗಲಿ, ಕೃತಕ ಕೀಲಿನ ಬಾಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಹಳೇ ಯಂತ್ರ, ಹೊಸವು ಇನ್ನೂ ಚೆನ್ನಾಗಿ ಮಾಡಬಹುದು ಅನ್ನಿ. ಆಗಲೂ ಎರಡನೇ ಪ್ರಶ್ನೆ ಹಾಗೇ ಉಳಿಯುತ್ತೆ.

ಹಾಸನದ ಕಡೆಯಿಂದ ನಮ್ಮ ದೊಡ್ಡಮ್ಮನನ್ನು ಕರೆತಂದು ತೋರಿಸಿದಾಗ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಆಮೇಲೆ ಕುಕ್ಕರುಗಾಲಲ್ಲಿ ಕೂತು ಹಸ ಕರೀಬೋದಾ ಸ್ವಾಮಿ?" ಕಷ್ಟ, ನೆಲದ ಮೇಲೆ ಕೂರೋದೂ ಬೇಡ ಅಂದರು ಡಾಕ್ಟರು. ಅಣ್ಣ ತಕ್ಷಣ, "ಹಸು ಮಾರಿದರಾಯ್ತು ಬಿಡಿ, ರೋಬೋಲೇ ಮಾಡಿ ಸಾರ್" ಅಂದ. ದೊಡ್ಡಮ್ಮ ಸುಮ್ಮನಾದಳು.

ಅಣ್ಣನನ್ನು ಕೆಟ್ಟವನು ಅನ್ನೋಕಾಗಲ್ಲ. ಅವ್ವ ರಾತ್ರಿಯೆಲ್ಲಾ ನರಳೋದನ್ನು ಕೇಳಿಸಿಕೊಂಡು ನಿದ್ದೆಗೆಟ್ಟವನು ಅವನು. ಈ ಆಪರೇಷನ್ನಿಂದ ಬಹಳ ಜನರ ನೋವು ಇಳಿಯೋದೂ ನಿಜ. ಆದರೆ ಆ ಹಸು ಅಂದರೆ ಬರೀ ಹಾಲಲ್ಲ. ಡೇರಿ ಬಟವಾಡೆ ದುಡ್ಡು ದೊಡ್ಡಮ್ಮನ ಕೈಗೇ ಬರುತ್ತೆ. ಮೊಮ್ಮಕ್ಕಳಿಗೆ ಏನಾದರೂ ಕೊಡಿಸೋಕೆ, ಜಾತ್ರೆಗೆ ಹೋಗೋಕೆ ಅವಳು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಎತ್ತರದ ಸ್ಟೂಲ್ ಹಾಕಿ ಕರೆಯಬಹುದಾ, ಹಾಲು ಕರೆಯೋ ಮಶೀನ್ ತರಬಹುದಾ ಅನ್ನೋದು ಅಣ್ಣನ ಲೆಕ್ಕಕ್ಕೆ ಬರಲೇ ಇಲ್ಲ. ಮೂಳೆ ಕೊಯ್ಯುವ ಮಶೀನಿಗೆ ಎಷ್ಟಾದರೂ ಕೊಡಲು ಅವನು ತಯಾರಿದ್ದ.

ದುಡ್ಡು ಕೊಡುವವರಿಗೆ ತೀರ್ಮಾನಿಸುವ ಹಕ್ಕೂ ಬಂದುಬಿಡುತ್ತಾ? ಬರಲ್ಲ ಅಂತಲೇ ನನ್ನ ಅಭಿಪ್ರಾಯ. ಮಂಡಿ ಅವರದ್ದು, ಆಮೇಲಿನ ದಿನಗಳೂ ಅವರದ್ದೇ. ಪ್ರೀತಿಯಿಂದ ಕೊಡಿಸುವಾಗಲೇ ಇದನ್ನು ಮರೆಯೋದು ಸುಲಭ. ಅತ್ಯುತ್ತಮವಾದದ್ದನ್ನೇ ಕೊಡಿಸಿದೆವಲ್ಲ ಅನ್ನೋ ಸಮಾಧಾನ ನಮಗೆ ಸಿಗುತ್ತೆ, ಕೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತೆ.

ರೋಬೋ ಬೇಡ ಅಂತ ನಾನು ಹೇಳ್ತಿಲ್ಲ. ನಿಮ್ಮ ಡಾಕ್ಟರಿಗೆ ಅದರಲ್ಲಿ ಕೈ ಪಳಗಿದ್ದರೆ, ಜೇಬಿಗೆ ಹೊರೆಯಾಗದಿದ್ದರೆ ಮಾಡಿಸಿ. ಅದಕ್ಕೂ ಮುಂಚೆ ಒಂದು ಸಂಜೆ ಅಮ್ಮನ ಪಕ್ಕ ಕೂತು, ವಾಸಿಯಾದ ಮೇಲೆ ಬೆಳಗ್ಗೆ ಎದ್ದು ಏನೇನು ಮಾಡಬೇಕು ಅಂತ ಆಸೆ ಇದೆ ಅಂತ ಕೇಳಿ. ಅವರು ಹೇಳಿದ್ದನ್ನು ಡಾಕ್ಟರಿಗೆ ಅವರ ಬಾಯಿಂದಲೇ ಹೇಳಿಸಿ. ಸಿಟಿ ಸ್ಕ್ಯಾನ್‌ನಲ್ಲಿ ಅದು ಕಾಣಲ್ಲ.