ಮಲಗಿದ ಮಗುವನ್ನು ನೋಡಬಾರದು

ಕೂಳೂರಿನ ನಮ್ಮ ಮನೆಯಲ್ಲಿ ಮಲಗಿದ ಮಗುವಿನ ಮುಖ ನೋಡುತ್ತ ಕೂರುವಂತಿಲ್ಲ. ಇದು ಅಮ್ಮನ ಕಾನೂನು. ನಾಲ್ಕು ತಿಂಗಳ ಮಗಳನ್ನು ದುಬೈಯಿಂದ ಮೊದಲ ಸಲ ಊರಿಗೆ ಕರೆತಂದ ಮರುದಿನ ಮಧ್ಯಾಹ್ನ, ಅವಳು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಮಾತ್ರ ಬಿದ್ದಿತ್ತು. ಮೆಲ್ಲ ಹೋಗಿ ಕ್ಯಾಮೆರಾ ತಂದೆ. ಅಡುಗೆಮನೆಯಿಂದ ಬಂದ ಅಮ್ಮ ತುಳುವಿನಲ್ಲಿ ಒಂದೇ ಪದ ಹೇಳಿದಳು: "ಬಲ್ಲಿ."

ಕನ್ನಡದಲ್ಲಿ ಬಲ್ಲವನೆಂದರೆ ತಿಳಿದವನು; ತುಳುವಿನಲ್ಲಿ ಬಲ್ಲಿ ಎಂದರೆ ಕೂಡದು. ಹತ್ತು ವರ್ಷದಿಂದ ಫೋಟೊದ ಹುಚ್ಚು ಹಚ್ಚಿಕೊಂಡ ನಾನು ಬೆಳಕನ್ನು ಬಲ್ಲವನೆಂಬ ಠೀವಿಯಲ್ಲಿದ್ದೆ. ದೃಷ್ಟಿ ತಾಗುತ್ತದೆ ಎಂದಳು ಅಮ್ಮ. ನಾನೇ ಅಪ್ಪ, ನನ್ನ ಕಣ್ಣು ತಾಗುವುದುಂಟೇ ಎಂದರೆ, ಹೆತ್ತವರದೇ ಹೆಚ್ಚು ತಾಗುವುದು ಎಂಬ ಉತ್ತರ. ಆಗ ನಕ್ಕುಬಿಟ್ಟೆ. ರಾತ್ರಿ ಆ ಮಾತು ನಿದ್ದೆಗೆಡಿಸಿತು. ನೋಟಕ್ಕೂ ಅದು ಮಾಡುವ ಕೇಡಿಗೂ ನಾವು ದೃಷ್ಟಿ ಎಂಬ ಒಂದೇ ಹೆಸರಿಟ್ಟುಕೊಂಡಿದ್ದೇವೆ. ಅದನ್ನು ಬರೀ ಮೂಢನಂಬಿಕೆ ಎಂದು ಪಕ್ಕಕ್ಕಿಡಲು ನನ್ನಿಂದಾಗಲಿಲ್ಲ. ಯಾಕೆಂದರೆ ಆ ಕೇಡಿನ ಚೂರುಪಾರು ದುಬೈಯಲ್ಲೇ ನನ್ನ ಅನುಭವಕ್ಕೆ ಬಂದಿತ್ತು.

ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಖಾಸಗಿ ಕೆಲಸದವರಿಗೆ ಮಗು ಹುಟ್ಟಿದಾಗ 5 ಕೆಲಸದ ದಿನಗಳ ರಜೆ. ಕಡಿಮೆಯೆಂದು ಗೊಣಗುವ ಹಾಗಿಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರನಿಗೆ 15 ದಿನವಿದ್ದರೂ ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಆ ಐದು ದಿನಗಳಲ್ಲಿ ನಾನು ತೆಗೆದ ಫೋಟೊ ಸಾವಿರಕ್ಕೆ ಹತ್ತಿರ. ನನ್ನದು 50 ಮಿಲಿಮೀಟರಿನ ಲೆನ್ಸ್, ಅಗ್ಗದ್ದು, ಮುಖಕ್ಕೆ ಒಳ್ಳೆಯದು. ವಸ್ತು 45 ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಅದು ಫೋಕಸ್ ಹಿಡಿಯುವುದಿಲ್ಲ. ಹೊಸದಾಗಿ ಹುಟ್ಟಿದ ಮಗುವಿನ ಕಣ್ಣಿಗೂ ಒಂದು ಮಿತಿಯಿದೆ. ಅದಕ್ಕೆ ಒಂದಿಷ್ಟು ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದೊಳಗೆ ಮಾತ್ರ. ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಗಳು ನನಗೆ ಚೆನ್ನಾಗಿ ಕಾಣಬೇಕಾದರೆ, ನಾನು ಅವಳಿಗೆ ಕಾಣದಷ್ಟು ಹಿಂದೆ ಸರಿಯಬೇಕು. ಆ ಸಾವಿರ ಫೋಟೊಗಳಲ್ಲಿ ಅವಳು ನನ್ನತ್ತ ನೋಡಿದಂತಿರುವ ಹತ್ತಾರು ಇವೆ. ಆಫೀಸಿನಲ್ಲಿ ತೋರಿಸಿ ಹೊಗಳಿಸಿಕೊಂಡಿದ್ದೇನೆ. ಅವಳು ನೋಡುತ್ತಿದ್ದದ್ದು ಬೆಳಕಿನೆದುರು ಅಲ್ಲಾಡುವ ಕಪ್ಪು ಮಸುಕನ್ನಷ್ಟೇ.

ಬೇರೆ ಯಾವ ಫೋಟೊದಲ್ಲೂ ನನಗೆ ಈ ಅಳುಕು ಬಂದದ್ದಿಲ್ಲ. ಹವ್ಯಾಸ ಶುರುವಾದದ್ದೇ ಕೂಳೂರು ಸೇತುವೆಯಲ್ಲಿ. ಫಲ್ಗುಣಿ ಹೊಳೆ ಇಲ್ಲಿಗೆ ಬರುವಾಗ ಅರ್ಧ ಕಡಲಾಗಿರುತ್ತದೆ. ಅಳಿವೆಬಾಗಿಲಿನಿಂದ ಭರತದ ಉಪ್ಪುನೀರು ಮೇಲಕ್ಕೇರಿ ಬರುತ್ತದೆ, ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕುವವರು ಎದೆಮಟ್ಟ ನೀರಿನಲ್ಲಿ ನಿಂತಿರುತ್ತಾರೆ. ಬೆಳ್ಳಕ್ಕಿ, ದೋಣಿ, ಹಿಂದುಗಡೆ ಪಣಂಬೂರಿನ ಗೊಬ್ಬರ ಕಾರ್ಖಾನೆಯ ಹೊಗೆ. ಲಾರಿ ಹೋದಾಗಲೆಲ್ಲ ಸೇತುವೆ ನಡುಗಿ ಅರ್ಧಕ್ಕರ್ಧ ಫೋಟೊ ಹಾಳು. ಆ ಹೊಳೆಗೆ ನಾನು ಅಲ್ಲಿರುವುದು, ಇಲ್ಲದಿರುವುದು ಎರಡೂ ಒಂದೇ. ಅದು ನನ್ನನ್ನು ಎತ್ತಿಕೋ ಎನ್ನುವುದಿಲ್ಲ. ಮಗು ಎನ್ನುತ್ತದೆ, ಕ್ಯಾಮೆರಾ ಹಿಡಿಯಲಿಕ್ಕೂ ಎರಡೇ ಕೈ ಇರುವುದು.

ಕೈಯ ವಿಷಯ ಬಂತಲ್ಲ, ಪಾಸ್‌ಪೋರ್ಟಿನ ಕತೆ ಹೇಳಿಬಿಡುತ್ತೇನೆ. ಮೂರು ವಾರದ ಮಗುವಿನ ಫೋಟೊ: ಕಣ್ಣು ತೆರೆದಿರಬೇಕು, ಹಿಂದೆ ಬಿಳಿ ಇರಬೇಕು, ಬೇರೆ ಯಾರೂ ಕಾಣಬಾರದು. ಸ್ಟುಡಿಯೊ ಯಾಕೆ, ನಾನಿಲ್ಲವೇ ಎಂದೆ. ಒಂದು ಕೈಯಲ್ಲಿ ಕತ್ತು ಆನಿಸಿ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು, ಅರ್ಧ ದಿನ ಬೆವರಿ ಒಂದು ತೆಗೆದೆ. ಅರ್ಜಿಯ ಕಿಟಕಿಯಲ್ಲಿ ಅದನ್ನು ಹಿಂದಕ್ಕೆ ಕೊಟ್ಟರು. ಕಿವಿಯ ಹತ್ತಿರ ನನ್ನ ಬೆರಳಿನ ತುದಿ ಕಾಣುತ್ತಿತ್ತು. ಕೊನೆಗೆ ದುಬೈಯ ಕರಾಮದ ಒಂದು ಸ್ಟುಡಿಯೊದಲ್ಲಿ ಹೆಂಡತಿ ತಲೆಯಿಂದ ಬಿಳಿ ಬಟ್ಟೆ ಹೊದ್ದು ಕುಳಿತಳು, ಅವಳ ಮಡಿಲಲ್ಲಿ ಮಗು. ಫೋಟೊ ಪಾಸಾಯಿತು.

ಈ ಉಪಾಯ ಆ ಸ್ಟುಡಿಯೊದವನದೇ ಎಂದುಕೊಂಡಿದ್ದೆ. ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳಲ್ಲಿ ಇದು ಮಾಮೂಲಾಗಿತ್ತಂತೆ. ಆಗಿನ ಕ್ಯಾಮೆರಾಕ್ಕೆ ಹಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು, ಮಗು ಕೂರುತ್ತದೆಯೇ? ತಾಯಿಯೋ ದಾದಿಯೋ ಪರದೆ ಹೊದ್ದು ಕುರ್ಚಿಯಂತೆ ಕುಳಿತು ಮಗುವನ್ನು ಹಿಡಿದುಕೊಳ್ಳುತ್ತಿದ್ದರು. ಈಗ ಅವುಗಳನ್ನು ನೋಡುವವರು ಬೆಚ್ಚಿಬೀಳುತ್ತಾರೆ, ದೆವ್ವದಂತಿದೆ ಎನ್ನುತ್ತಾರೆ. ನನಗೆ ಅವು ಪ್ರಾಮಾಣಿಕ ಫೋಟೊಗಳು. ಹಿಡಿದುಕೊಂಡವಳು ಮರೆಯಾಗಿದ್ದಾಳೆ ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ನನ್ನ ಸಾವಿರ ಫೋಟೊಗಳಲ್ಲಿ ಅದೂ ಕಾಣುವುದಿಲ್ಲ.

ಅಪ್ಪನದು ಯಾಶಿಕಾ ಕ್ಯಾಮೆರಾ, ಮಸ್ಕತ್ತಿನಿಂದ ತಂದದ್ದು. ಎರಡು ವರ್ಷಕ್ಕೊಮ್ಮೆ ಅಪ್ಪನ ಜೊತೆ ಊರಿಗೆ ಬರುತ್ತಿತ್ತು, ಅವನ ಜೊತೆಗೇ ಹೋಗುತ್ತಿತ್ತು. ರೀಲಿಗೆ 36 ಫೋಟೊ, ಒಂದು ರಜೆಗೆ ಒಂದೇ ರೀಲು. ಈ ಸಲ ಆ ಆಲ್ಬಮ್ ತೆಗೆದು ಕೂತೆ. ರಜೆಯ ಫೋಟೊಗಳಲ್ಲಿ ಅಪ್ಪನಿಲ್ಲ, ತೆಗೆದವನು ಅವನೇ. ಮಾವ ತೆಗೆಸಿದ ಉಳಿದ ಫೋಟೊಗಳಲ್ಲೂ ಇಲ್ಲ, ಆಗ ಅವನು ಮಸ್ಕತ್ತಿನಲ್ಲಿದ್ದ. ಆಲ್ಬಮಿಗೆ ಈ ಎರಡು ಗೈರುಹಾಜರಿಗಳ ವ್ಯತ್ಯಾಸ ಗೊತ್ತಿಲ್ಲ. ಕರಾವಳಿಯ ಎಷ್ಟೋ ಗಲ್ಫ್ ಮನೆಗಳ ಆಲ್ಬಮ್ ಹೀಗೇ ಇರಬೇಕು.

ಒಂದೇ ಒಂದರಲ್ಲಿ ಅವನಿದ್ದಾನೆ. ಪಣಂಬೂರಿನ ಬೀಚ್, ಸಂಜೆ, ನನಗೆ ಎರಡು ವರ್ಷವಿರಬಹುದು. ಸೂರ್ಯ ಫೋಟೊ ತೆಗೆಯುವವನ ಬೆನ್ನ ಹಿಂದಿರಬೇಕು ಎಂದು ಆಗ ಎಲ್ಲರಿಗೂ ಹೇಳಿಕೊಡುತ್ತಿದ್ದರು. ಅಪ್ಪ ಕಡಲಿಗೆ ಬೆನ್ನು ಮಾಡಿ ನಿಂತಿದ್ದಾನೆ. ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅತ್ತ ನೋಡುತ್ತಿದ್ದೇನೆ. ಮರಳಿನ ಮೇಲೆ ಅವನ ನೆರಳು ಉದ್ದಕ್ಕೆ ಬಿದ್ದು ನನ್ನ ಪಾದದ ತನಕ ಬಂದಿದೆ, ಮೊಣಕೈ ಎರಡೂ ಮಡಚಿದ ನೆರಳು. ಇದು ತಪ್ಪು ಫೋಟೊ ಎಂದು ಫೋಟೊಗ್ರಫಿಯ ಯಾವ ಮೇಷ್ಟ್ರೂ ಹೇಳುತ್ತಾರೆ. ಚಿಕ್ಕವನಿದ್ದಾಗ ನಾನೂ ಹೇಳಿದ್ದೆ. ಅಪ್ಪ ಏನೂ ಅಂದಿರಲಿಲ್ಲ.

ನೋಟ ತಾಗುವುದೆಂದರೆ ಇದೇ ಇರಬಹುದೇ? ಇಟ್ಟುಕೊಳ್ಳಬೇಕೆಂಬ ಆಸೆಯಿಂದ ನೋಡುವವನು ಒಂದು ಹೆಜ್ಜೆ ಹಿಂದಿರುತ್ತಾನೆ. ದುಡಿಯಲು ಪರದೇಶಕ್ಕೆ ಹೋದವನೂ ಮನೆಗಾಗಿಯೇ ಮನೆಯಿಂದ ಹಿಂದೆ ಸರಿದವನು. ನನಗೆ ಎರಡೂ ಚಾಳಿ ಅಪ್ಪನಿಂದ ಬಂದಿವೆ. ಮಲಗಿದ ಮಗುವಿಗಾದರೆ ತನ್ನನ್ನು ನೋಡುವವರನ್ನು ತಿರುಗಿ ನೋಡುವ ದಾರಿಯೂ ಇಲ್ಲ.

ಹೆಂಡತಿ, ಮಗಳು ಇನ್ನೂ ಎರಡು ತಿಂಗಳು ಕೂಳೂರಿನಲ್ಲೇ ಇರುತ್ತಾರೆ. ನಾನು ಬಜ್ಪೆಯಿಂದ ವಿಮಾನ ಹತ್ತಿ ದುಬೈಗೆ ಬಂದು ಹತ್ತು ದಿನವಾಯಿತು. ಇಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಎಲ್ಲರೂ ಬೋಟಿಮ್‌ನಲ್ಲಿ ಮಾತಾಡುತ್ತಾರೆ. ಮಗಳಿಗೆ ಈಗ ದೂರದ್ದೂ ಕಾಣುತ್ತದೆ, ನನ್ನ ಮುಖ ಕಂಡರೆ ಕೈ ಬೀಸಿ ಪರದೆಗೆ ಹೊಡೆಯುತ್ತಾಳೆ. ಆದರೆ ಫೋನಿನ ಕ್ಯಾಮೆರಾ ಇರುವುದು ಪರದೆಯ ಮೇಲ್ತುದಿಯಲ್ಲಿ. ಅವಳು ನನ್ನ ಕಣ್ಣನ್ನೇ ನೋಡಿದರೂ ನನಗೆ ನನ್ನ ಅಂಗಿಯ ಗುಂಡಿ ನೋಡಿದಂತೆ ಕಾಣುತ್ತದೆ.

ನಾನು ಕೆಲಸ ಮುಗಿಸಿ ರೂಮಿಗೆ ಬರುವಾಗ ಇಲ್ಲಿ ಆರೂವರೆ, ಅಲ್ಲಿ ಎಂಟು. ಹೆಚ್ಚಿನ ದಿನ ಆ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತದೆ. ಒಮ್ಮೆ ತೋರಿಸು ಎನ್ನುತ್ತೇನೆ. ಅಮ್ಮ ಫೋನನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಾಳೆ. ಬಲ್ಲಿ.