ಅಜ್ಜಿ ಬಿಟ್ಟುಹೋದ ಆಸ್ತಿ



ಮನೆಯಲ್ಲಿ ಅಜ್ಜಿ ತೀರಿಕೊಂಡಿರುತ್ತಾರೆ. ಮಣ್ಣು ಮಾಡಿ ಬಂದು, ಮೂವತ್ತನೆಯ ದಿನದ ಪೂಜೆಯೂ ಮುಗಿದಿರುತ್ತದೆ. ಆಗ ಒಂದು ಪ್ರಶ್ನೆ ಮೆಲ್ಲನೆ ತಲೆ ಎತ್ತುತ್ತದೆ: ಅಜ್ಜಿ ಏನೇನು ಬಿಟ್ಟುಹೋದರು? ಕಿವಿಯ ಓಲೆ, ಎರಡು ಬಳೆ, ಊರಿನ ಹಳೆಯ ಮನೆ, ಬ್ಯಾಂಕಿನ ಪುಸ್ತಕ. ನ್ಯಾಯವಾಗಿ ಹಂಚಿಕೊಳ್ಳುವುದು ತಪ್ಪಲ್ಲ. ಆದರೆ ಅಜ್ಜಿ ಇರುವಾಗ ಒಂದೇ ಪಂಕ್ತಿಯಲ್ಲಿ ಉಂಡ ಅಣ್ಣತಮ್ಮಂದಿರು, ಅಕ್ಕತಂಗಿಯರು ಈ ಲೆಕ್ಕ ಮುಗಿಯುವಷ್ಟರಲ್ಲಿ ಮಾತು ಬಿಟ್ಟಿರುವುದುಂಟು. ಅಜ್ಜಿಯ ಜಪಸರ ಯಾರ ಪಾಲಿಗೆ ಬಂತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಸಂತ ಪೌಲರು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಒಬ್ಬ ಅಜ್ಜಿಯನ್ನು ನೆನೆಯುತ್ತಾರೆ. ಆಕೆಯ ಹೆಸರು ಲೋವಿ. ತಿಮೊಥೆಯನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿತ್ತು, ಅನಂತರ ತಾಯಿ ಯೂನಿಕೆಯಲ್ಲಿತ್ತು ಎನ್ನುತ್ತಾರೆ. ಪವಿತ್ರ ಗ್ರಂಥದಲ್ಲಿ ಲೋವಿಯ ಹೆಸರು ಬರುವುದು ಇದೊಂದೇ ಕಡೆ. ಆಕೆಗೆ ಹೊಲವಿತ್ತೇ, ಚಿನ್ನವಿತ್ತೇ ಎಂದು ಪೌಲರು ಹೇಳಲಿಲ್ಲ. ಆಕೆಯಿಂದ ಮೊಮ್ಮಗನಿಗೆ ಏನು ಬಂತೆಂಬುದನ್ನಷ್ಟೇ ಹೇಳಿದರು.

ನಮ್ಮ ಕಾಲಕ್ಕೆ ಹತ್ತಿರದ ಒಬ್ಬ ಅಜ್ಜಿಯನ್ನೂ ನೆನೆಯೋಣ. ರೋಸಾ ವಸ್ಸಾಲ್ಲೊ 1884ರಲ್ಲಿ ಇಟಲಿಯ ಪಿಯಾನಾ ಕ್ರಿಕ್ಸಿಯಾ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದರು. 1929ರಲ್ಲಿ ಗಂಡ, ಮಗನೊಂದಿಗೆ ಹಡಗು ಹತ್ತಿ ಅರ್ಜೆಂಟೀನಾಕ್ಕೆ ವಲಸೆ ಹೋದರು. 1936ರಲ್ಲಿ ಹುಟ್ಟಿದ ಮೊಮ್ಮಗ ಹೋರ್ಹೆಯನ್ನು, ಸೊಸೆಗೆ ಎರಡನೆಯ ಮಗುವಾದಾಗ, ದಿನವೂ ತಮ್ಮ ಮನೆಗೆ ಕರೆದೊಯ್ದು ನೋಡಿಕೊಂಡರು. ತಮ್ಮ ಊರ ಕಡೆಯ ಭಾಷೆಯನ್ನೂ ಪ್ರಾರ್ಥನೆಯನ್ನೂ ಕಲಿಸಿದರು. ಶುಭ ಶುಕ್ರವಾರದ ಸಂಜೆ ಮೊಂಬತ್ತಿಯ ಮೆರವಣಿಗೆಯಲ್ಲಿ ಮೃತ ಕ್ರಿಸ್ತರ ಪ್ರತಿಮೆ ಬಂದಾಗ ಮಕ್ಕಳನ್ನು ಮೊಣಕಾಲೂರಿಸಿ, ಇವರು ಸತ್ತಿದ್ದಾರೆ, ಆದರೆ ಪುನರುತ್ಥಾನರಾಗುತ್ತಾರೆ ಎಂದು ಹೇಳಿಕೊಡುತ್ತಿದ್ದರು. ಸಾಲ್ವೇಶನ್ ಆರ್ಮಿಯ ಇಬ್ಬರು ಮಹಿಳೆಯರನ್ನು ಕಂಡು ಬಾಲಕ ಪ್ರಶ್ನಿಸಿದಾಗ, ಅವರು ಪ್ರೊಟೆಸ್ಟೆಂಟರು, ಆದರೆ ಒಳ್ಳೆಯವರು ಎಂದರು. ಇತರ ಸಭೆಗಳವರನ್ನು ಸಂಶಯದಿಂದ ನೋಡುತ್ತಿದ್ದ ಕಾಲವದು.

ಆ ಬಾಲಕ 1969ರ ಡಿಸೆಂಬರ್ 13ರಂದು ಗುರುದೀಕ್ಷೆ ಪಡೆದರು. ಆಗ ಅಜ್ಜಿ ಕೊಟ್ಟ ಕಾಗದವನ್ನು ಅವರು ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡರು. ದುಃಖವೋ ಕಾಯಿಲೆಯೋ ಪ್ರಿಯರ ಅಗಲಿಕೆಯೋ ನಿಮ್ಮನ್ನು ಕುಗ್ಗಿಸಿದರೆ, ಪರಮಪ್ರಸಾದದ ಸನ್ನಿಧಿಯಲ್ಲಿ ಒಂದು ನಿಟ್ಟುಸಿರು ಬಿಡಿ, ಶಿಲುಬೆಯ ಬುಡದಲ್ಲಿ ನಿಂತ ಮಾತೆ ಮರಿಯಳತ್ತ ನೋಡಿ ಎಂಬುದು ಮೊಮ್ಮಕ್ಕಳಿಗೆ ಆಕೆಯ ಬುದ್ಧಿವಾದ.

ಆ ಮೊಮ್ಮಗನೇ 2013ರಲ್ಲಿ ಜಗದ್ಗುರುವಾಗಿ, 2025ರ ಏಪ್ರಿಲ್ 21ರಂದು ದೇವರ ಪಾದ ಸೇರಿದ ಫ್ರಾನ್ಸಿಸ್. ಜಗದ್ಗುರುವಾದ ಮೇಲೆ ಬಂದ ಮೊದಲ ಗರಿಗಳ ಭಾನುವಾರ, ಅವರು ಜನಸ್ತೋಮದ ಮುಂದೆ ಅಜ್ಜಿಯ ಒಂದು ಮಾತನ್ನು ನೆನೆದರು: ಹೆಣಕ್ಕೆ ಹೊದಿಸುವ ಬಟ್ಟೆಗೆ ಜೇಬಿಲ್ಲ.

ಪ್ರಿಯ ಓದುಗರೇ, ಜೇಬಿಲ್ಲದ ಬಟ್ಟೆಯಲ್ಲಿ ಹೋದ ಅಜ್ಜಿಯನ್ನು ನಾವು ನೆನೆಯುವುದು ಹೇಗೆ? ಚಿತ್ರಪಟಕ್ಕೆ ಹಾರ ಹಾಕುತ್ತೇವೆ, ಗೋರಿಗೆ ಕಲ್ಲು ಹಾಕಿಸುತ್ತೇವೆ. ಒಳ್ಳೆಯದೇ. ಆದರೆ ಸಂತ ಮೋನಿಕಾ ಕೇಳಿಕೊಂಡದ್ದು ಬೇರೆ. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಆಕೆ ಬಹುಕಾಲ ಆಸೆಪಟ್ಟಿದ್ದರು. 387ರಲ್ಲಿ ರೋಮಿನ ಬಳಿಯ ಓಸ್ತಿಯಾದಲ್ಲಿ ಹಾಸಿಗೆ ಹಿಡಿದಾಗ, ನನ್ನನ್ನು ಎಲ್ಲಿ ಬೇಕಾದರೂ ಹೂಳಿರಿ, ನೀವು ಎಲ್ಲಿದ್ದರೂ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದರು. ಆಕೆ ಕೊನೆಯುಸಿರೆಳೆದಾಗ ಗಟ್ಟಿಯಾಗಿ ಅತ್ತವನು ಮೊಮ್ಮಗ ಅದೆಯೋದಾತ. ಮಗ ಸಂತ ಅಗಸ್ಟೀನರೇ ಇದನ್ನೆಲ್ಲ ಬರೆದಿಟ್ಟಿದ್ದಾರೆ.

ಆದ್ದರಿಂದ ಅಜ್ಜಿಯ ಹೆಸರಿನಲ್ಲಿ ಬಲಿಪೂಜೆ ಹೇಳಿಸುವಾಗ ನೀವೂ ಬನ್ನಿ, ಮಕ್ಕಳನ್ನೂ ಕರೆತನ್ನಿ. ಆಕೆಯ ಆಸ್ತಿಗಾಗಿ ಮಾತು ಬಿಟ್ಟಿದ್ದರೆ, ಆ ಪೂಜೆಗೆ ಮುಂಚೆ ನೀವೇ ಮೊದಲು ಹೋಗಿ ಮಾತಾಡಿಸಿ. ಹತ್ತು ಕಾಗದಪತ್ರ ತರದ ಸಮಾಧಾನವನ್ನು ಒಂದು ಮಾತು ತಂದೀತು. ಅಜ್ಜಿ ಇನ್ನೂ ಇದ್ದರೆ ನೀವು ಭಾಗ್ಯವಂತರು. ಇಂದು ರಾತ್ರಿ ಟಿವಿ, ಮೊಬೈಲ್ ಬದಿಗಿಟ್ಟು, ಮನೆಯ ಪ್ರಾರ್ಥನೆಯನ್ನು ಅವರಿಂದಲೇ ಆರಂಭಿಸಿ. ಅವರ ದನಿ ನಡುಗಬಹುದು, ಒಂದು ರಹಸ್ಯ ಬಿಟ್ಟುಹೋಗಬಹುದು. ತಿದ್ದಬೇಡಿ, ಜೊತೆಗೂಡಿ. ಅಜ್ಜಿಯರೇ, ನೀವೂ ಅಷ್ಟೇ, ನನ್ನ ಮಾತು ಯಾರು ಕೇಳುತ್ತಾರೆ ಎಂದು ಸುಮ್ಮನಾಗಬೇಡಿ. ಮೊಮ್ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಭುವೇ, ನಮಗೆ ಶಿಲುಬೆಯ ಗುರುತು ಕಲಿಸಿದ ಕೈಗಳಿಗೆ ನಿಮ್ಮ ಸನ್ನಿಧಿಯಲ್ಲಿ ವಿಶ್ರಾಂತಿ ನೀಡಿರಿ. ಅವರಿಂದ ಪಡೆದುದನ್ನು ನಮ್ಮ ಮಕ್ಕಳಿಗೆ ಕೊಡುವ ಮನಸ್ಸನ್ನು ನಮಗೆ ಕರುಣಿಸಿರಿ. ಆಮೆನ್.